ತಪ್ಪಾಯ್ತು, ಸಾಬ್

ಸೇನೆಯಲ್ಲಿ ವಕೀಲೆಯಾಗಬೇಕಾದರೆ ಮೊದಲು ವಕೀಲಿಕೆ ಬಿಡಬೇಕು. ತಮಾಷೆ ಅಲ್ಲ. ಪೂರ್ತಿ ಹೊತ್ತಿನ ಸಂಬಳದ ಕೆಲಸಕ್ಕೆ ಸೇರಿದವರು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಇಟ್ಟುಕೊಂಡು ಓಡಾಡುವಂತಿಲ್ಲ. ಅದನ್ನು ಅಮಾನತಿನಲ್ಲಿ ಇಡಿ ಅಂತ ವಕೀಲರ ಪರಿಷತ್ತಿಗೆ ಬರೆದುಕೊಡಬೇಕು. 2009ರಲ್ಲಿ ನಾನು ಹಾಗೆ ಬರೆದುಕೊಟ್ಟಾಗ ನನ್ನ ಸನ್ನದಿಗೆ ಎರಡು ವರ್ಷವೂ ತುಂಬಿರಲಿಲ್ಲ. ಹಾಸನದ ಕೋರ್ಟಿನಲ್ಲಿ ಸೀನಿಯರ್ ಹಿಂದೆ ಫೈಲು ಹೊತ್ತು ತಿರುಗಿದ್ದು, ವಾಯಿದೆ ಕೇಳಿದ್ದು, ಅಷ್ಟೇ ನನ್ನ ಪ್ರಾಕ್ಟೀಸು. ಅಮ್ಮ ಕರಿ ಕೋಟಿಗೆ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟರು.

ಮಾವ ಮಾತ್ರ ಬಿಡಲಿಲ್ಲ. "ಅಲ್ಲ ಕಣಮ್ಮಾ, ಮಿಲಿಟ್ರೀಲಿ ಲಾಯರ್‌ಗೇನು ಕೆಲಸ? ಗುಂಡು ಹೊಡೆಯೋಕೆ ಮುಂಚೆ ಶತ್ರುಗೆ ನೋಟಿಸ್ ಕಳಿಸ್ತೀರಾ?"

ಅವತ್ತು ನಗುವುದು ಬಿಟ್ಟು ನನ್ನ ಹತ್ತಿರ ಉತ್ತರ ಇರಲಿಲ್ಲ. 14 ವರ್ಷ ಸರ್ವಿಸು ಮುಗಿಸಿ ಬಂದ ಮೇಲೂ ಜನ ಅದನ್ನೇ ಕೇಳುತ್ತಾರೆ. ಈಗ ಉತ್ತರ ಇದೆ, ಆದರೆ ಒಂದು ಮಾತಿನಲ್ಲಿ ಹೇಳಿ ಮುಗಿಸೋಕಾಗಲ್ಲ.

ಬೆಂಗಳೂರಿನಲ್ಲಿ ಸೇನೆಗೆ ಅಧಿಕಾರಿಗಳನ್ನು ಆರಿಸುವ ಐದು ದಿನದ ಎಸ್‌ಎಸ್‌ಬಿ ಸಂದರ್ಶನ, ಆಮೇಲೆ ಚೆನ್ನೈನ ಓಟಿಎ, ಅಂದರೆ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ. 49 ವಾರ. ಲಾ ಓದಿದವರಿಗೆ ಬೇರೆ ಬ್ಯಾರಕ್ ಇಲ್ಲ, ಬೇರೆ ರೈಫಲ್ಲೂ ಇಲ್ಲ. ಕೊಲೆಯ ಸೆಕ್ಷನ್ ಐಪಿಸಿ 300 ಬಾಯಿಪಾಠ ಇದ್ದರೆ ಓಟ ಬೇಗ ಮುಗಿಯುತ್ತಾ? ಚೆನ್ನೈ ಸೆಕೆಯಲ್ಲಿ ಬೆನ್ನಿಗೆ ಪ್ಯಾಕು ಏರಿಸಿ ಓಡುವಾಗ ಮಾವನ ಪ್ರಶ್ನೆ ಬಹಳ ಸಲ ನೆನಪಾಯಿತು. ಕಾನೂನಿನ ಪಾಠ ಸಿಕ್ಕಿದ್ದು ಆಮೇಲೆ, ನಾಗಪುರದ ಪಕ್ಕದ ಕಾಂಪ್ಟಿಯಲ್ಲಿ. ಅಲ್ಲಿ ಸೇನಾ ಕಾನೂನಿಗೇ ಒಂದು ಸಂಸ್ಥೆ ಇದೆ.

ನಮ್ಮದು ಚಿಕ್ಕ ಇಲಾಖೆ. ಹೆಸರು ಮಾತ್ರ ದೊಡ್ಡದು, ಜಡ್ಜ್ ಅಡ್ವೊಕೇಟ್ ಜನರಲ್ ಇಲಾಖೆ. ಎಲ್ಲರೂ ಕರೆಯುವುದು ಜ್ಯಾಗ್ ಬ್ರಾಂಚ್ ಅಂತ. ಹೆಸರಿನಲ್ಲಿ ಜಡ್ಜ್ ಇದ್ದಾರೆ, ಅಡ್ವೊಕೇಟ್ ಇದ್ದಾರೆ, ಜನರಲ್ಲೂ ಇದ್ದಾರೆ. ಕೆಲಸವೂ ಹಾಗೇ ಕಲಸುಮೇಲೋಗರ. ಬೆಳಿಗ್ಗೆ ಒಂದು ಕೋರ್ಟ್ ಆಫ್ ಎನ್‌ಕ್ವೈರಿಯ, ಅಂದರೆ ಸೇನೆಯ ಒಳಗಿನ ತನಿಖೆಯ, ಕಾಗದ ಓದಿ ಜನರಲ್ ಸಾಹೇಬರಿಗೆ ಸಲಹೆ ಬರೆಯಬೇಕು. ಮಧ್ಯಾಹ್ನ ಹೈಕೋರ್ಟಿನಲ್ಲಿ ಸೇನೆಯ ಮೇಲೆ ಬಿದ್ದ ರಿಟ್ ಅರ್ಜಿಗೆ ಸರ್ಕಾರಿ ವಕೀಲರ ಜತೆ ಕೂತು ಉತ್ತರ ತಯಾರಿಸಬೇಕು. ನಡುನಡುವೆ ಯೂನಿಟ್ಟುಗಳಿಗೆ ಹೋಗಿ ಯುದ್ಧಕಾಲದ ನಡವಳಿಕೆಯ ಜಿನೀವಾ ಒಪ್ಪಂದಗಳ ಪಾಠ ಮಾಡಬೇಕು. ಊಟ ಆದ ಮೇಲೆ ನಡೆಯುವ ಆ ಪಾಠದಲ್ಲಿ ಮೊದಲ ಸಾಲಿನವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುತ್ತಾರೆ. ಅದೂ ಒಂದು ತರಬೇತಿ ಇರಬೇಕು.

ಇದಕ್ಕೆಲ್ಲ ಬುಡ 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳು. ಅದರ ಹಿಂದೆ ಸಂವಿಧಾನದ 33ನೇ ವಿಧಿ ಇದೆ. ಶಿಸ್ತಿನ ಸಲುವಾಗಿ ಯೋಧರ ಮೂಲಭೂತ ಹಕ್ಕುಗಳನ್ನು ಸಂಸತ್ತು ಕಡಿಮೆ ಮಾಡಬಹುದು ಅಂತ ಅದು ಹೇಳುತ್ತದೆ. ನಾವು ಪೇಟೆಯಲ್ಲಿ ನಿಂತು ಮೇಲಧಿಕಾರಿಯನ್ನು ಬೈದರೆ ಜಾಸ್ತಿ ಅಂದರೆ ಕೆಲಸ ಹೋಗಬಹುದು. ಸೈನಿಕನಿಗೆ ಜೈಲೇ ಆಗಬಹುದು. ಹೊರಗಿನವರಿಗೆ ಅಪರಾಧವೇ ಅಲ್ಲದ್ದು ಒಳಗೆ ಅಪರಾಧ. ಇನ್ನೊಬ್ಬ ಅಧಿಕಾರಿಯ ಹೆಂಡತಿಯ ‘ಪ್ರೀತಿ ಕದಿಯುವುದು’ ಅಂತ ಒಂದು ಆರೋಪವಿದೆ, ಕೇಳಿದ್ದೀರಾ? ವ್ಯಭಿಚಾರ ಅಪರಾಧವಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಸೇನೆಯ ಶಿಸ್ತು ಕ್ರಮಕ್ಕೆ ಅಡ್ಡ ಬರಲ್ಲ ಅಂತ 2023ರಲ್ಲಿ ಅದೇ ಕೋರ್ಟ್ ಸ್ಪಷ್ಟಪಡಿಸಿತು. ಆರೋಪಪಟ್ಟಿಯಲ್ಲಿ ಆ ಪದಗಳನ್ನು ಮೊದಲ ಸಲ ಟೈಪ್ ಮಾಡಿಸಿದಾಗ ನನಗೇ ನಾಚಿಕೆಯಾಗಿತ್ತು. ಗುಮಾಸ್ತ ಹವಾಲ್ದಾರರಿಗೆ ಏನೂ ಅನ್ನಿಸಲಿಲ್ಲ.

ಕೋರ್ಟ್ ಮಾರ್ಷಲ್ ಅಂದರೆ ಸೇನೆಯದೇ ಕೋರ್ಟು. ದೊಡ್ಡ ಕೋರ್ಟ್ ಮಾರ್ಷಲ್‌ಗಳಲ್ಲಿ ನಾವು ಜಡ್ಜ್ ಅಡ್ವೊಕೇಟ್ ಆಗಿ ಕೂರುತ್ತೇವೆ. ಜನರಲ್ ಕೋರ್ಟ್ ಮಾರ್ಷಲ್ ಅಂದರೆ ಕಡಿಮೆಯೆಂದರೂ ಐದು ಜನ ಅಧಿಕಾರಿಗಳ ಪೀಠ. ಅವರು ಪದಾತಿದಳದವರೋ ತೋಪಖಾನೆಯವರೋ ಆಗಿರುತ್ತಾರೆ, ಕಾನೂನು ಓದಿದವರಲ್ಲ. ಕಾನೂನು ಹೇಳಿಕೊಡುವುದು ನಾವು. ಅವರು ಬಾಗಿಲು ಹಾಕಿಕೊಂಡು ಚರ್ಚೆ ಮಾಡುವಾಗಲೂ ಅಲ್ಲೇ ಇರುತ್ತೇವೆ. ಆದರೆ ನಮಗೆ ವೋಟಿಲ್ಲ. ಮದುವೆಮನೆಯ ಅಡುಗೆಭಟ್ಟರ ಹಾಗೆ, ಎಲ್ಲ ಗೊತ್ತು, ಪಂಕ್ತಿಯಲ್ಲಿ ಎಲೆ ಮಾತ್ರ ಇಲ್ಲ. ಅಲ್ಲಿನ ಒಂದು ನಿಯಮ ನನಗೆ ಇವತ್ತಿಗೂ ಇಷ್ಟ. ಅಭಿಪ್ರಾಯ ಕೇಳುವುದು ರ‍್ಯಾಂಕಿನಲ್ಲಿ ಎಲ್ಲರಿಗಿಂತ ಕಿರಿಯವನಿಂದ. ಕ್ಯಾಪ್ಟನ್ ಮೊದಲು ಬಾಯಿಬಿಡಬೇಕು, ಕರ್ನಲ್ ಕೊನೆಗೆ. ನಮ್ಮೂರ ಕಟ್ಟೆಯಲ್ಲಿ ಯಜಮಾನರು ಒಂದು ಸಲ ಗಂಟಲು ಸರಿಮಾಡಿಕೊಂಡರೆ ಉಳಿದವರ ಅಭಿಪ್ರಾಯ ಅಲ್ಲಿಗೇ ಮುಗಿಯಿತು, ಅಲ್ವಾ? ರ‍್ಯಾಂಕೇ ಉಸಿರಾಗಿರುವ ಜಾಗದಲ್ಲಿ ರ‍್ಯಾಂಕಿನ ಭಾರ ಇಳಿಸಲು ಯಾರೋ ತಲೆ ಓಡಿಸಿದ್ದಾರೆ.

ಆದರೆ ನಾನು ಹೇಳಹೊರಟಿದ್ದು ದೊಡ್ಡ ಕೋರ್ಟಿನ ಕತೆ ಅಲ್ಲ. ಐದು ಜನ ಕೂರುವ ಕೋರ್ಟು ಅಪರೂಪ. ಸಾಮಾನ್ಯ ಸಿಪಾಯಿ ನೋಡುವುದು ಸಮ್ಮರಿ ಕೋರ್ಟ್ ಮಾರ್ಷಲ್.

ಅದರಲ್ಲಿ ಕೋರ್ಟು ಅಂದರೆ ಒಬ್ಬನೇ, ಕಮಾಂಡಿಂಗ್ ಆಫೀಸರ್. ಸಿಓ ಸಾಬ್. ಆರೋಪವನ್ನು ಮೊದಲು ಕೇಳಿದ್ದೂ ಅವರೇ, ಸಾಕ್ಷ್ಯ ಬರೆಸಲು ಹೇಳಿದ್ದೂ ಅವರೇ, ಈಗ ತೀರ್ಪು ಕೊಡುವವರೂ ಅವರೇ. ಇನ್ನಿಬ್ಬರು ಅಧಿಕಾರಿಗಳೋ ಜೆಸಿಓಗಳೋ, ಅಂದರೆ ಸುಬೇದಾರರಂಥವರೋ, ಜತೆಗೆ ಕೂರುತ್ತಾರೆ. ಅವರು ಸುಮ್ನೆ ಕೂರುವವರು, ಪ್ರಮಾಣವಚನವೂ ಇಲ್ಲ. ಸಿಓ ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕಿಂತ ಮೇಲಿನವರಾದರೆ ಒಂದು ವರ್ಷದವರೆಗೆ ಜೈಲು ಕೊಡಬಹುದು, ಕೆಲಸದಿಂದ ವಜಾ ಮಾಡಬಹುದು. ಆ ಶಿಕ್ಷೆಗೆ ಮೇಲಿನವರ ಒಪ್ಪಿಗೆ ಬೇಡ. ಅವತ್ತೇ ಜಾರಿ.

ಆರೋಪಿಗೆ ಒಬ್ಬ ‘ಗೆಳೆಯ’ನನ್ನು ಇಟ್ಟುಕೊಳ್ಳುವ ಹಕ್ಕಿದೆ. ವಕೀಲರೂ ಆಗಬಹುದು. ಆದರೆ ನಿಯಮ 129 ಹೇಳುವ ಪ್ರಕಾರ ಆ ಗೆಳೆಯ ಕಿವಿಯಲ್ಲಿ ಸಲಹೆ ಕೊಡಬಹುದು, ಸಾಕ್ಷಿಗೆ ಏನು ಕೇಳಬೇಕು ಅಂತ ಸೂಚಿಸಬಹುದು, ತಾನೇ ಬಾಯಿಬಿಟ್ಟು ಕೋರ್ಟಿಗೆ ಏನೂ ಹೇಳುವಂತಿಲ್ಲ. ಮಾತಾಡಬಾರದ ವಕೀಲ! ಮಾವನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ನನಗೆ ಅಷ್ಟು ನಗು ಬರಲಿಲ್ಲ.

ಯುದ್ಧಭೂಮಿಯಲ್ಲಿ ಇಂಥ ಚುರುಕು ಕೋರ್ಟು ಬೇಕು, ಒಪ್ಪುತ್ತೇನೆ. ಕಷ್ಟ ಏನೆಂದರೆ ಶಾಂತಿಯ ಊರುಗಳಲ್ಲೂ ಅದೇ ರೂಢಿಯಾಗಿಬಿಟ್ಟಿತ್ತು. ಇದು ತುರ್ತಿದ್ದಾಗ ಮಾತ್ರ ಬಳಸುವ ದಾರಿ ಅಂತ 2016ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಆ ಕೋರ್ಟು ಮುಗಿದ ಮೇಲೆ ಕಾಗದ ನಮ್ಮ ಹತ್ತಿರ ಬರುತ್ತದೆ. ಕಮಾಂಡ್ ಹೆಡ್‌ಕ್ವಾರ್ಟರ್ಸಿನ ಜ್ಯಾಗ್ ಕಚೇರಿ ಅದನ್ನು ಓದಿ, ಸರಿ ಇದೆಯೋ ಇಲ್ಲವೋ ಅಂತ ಬರೆಯಬೇಕು. ತೀರ್ಮಾನ ಜನರಲ್‌ಗಳದ್ದು. ನಾವು ಓದುವ ಹೊತ್ತಿಗೆ ಆ ಮನುಷ್ಯ ಆಗಲೇ ಜೈಲಿನಲ್ಲಿರುತ್ತಾನೆ. ನಾವು ಅವನ ಮುಖ ನೋಡುವುದಿಲ್ಲ. ಟೈಪ್ ಆದ ಹಾಳೆ, ಕೆಳಗೊಂದು ಸಹಿ, ಅಷ್ಟೇ.

2019ರ ಕೊನೆಯಲ್ಲಿ ಅಂಥದೊಂದು ಫೈಲು ನನ್ನ ಮೇಜಿಗೆ ಬಂತು. ಆಗ ನಾನು ಮೇಜರ್. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿ ಹೇಳುತ್ತಿದ್ದೇನೆ.

ಸಿಪಾಯಿ, ಮಲಪ್ರಭಾ ದಂಡೆಯ ಒಂದು ಹಳ್ಳಿಯವನು. ರಜೆಗೆ ಹೋದವನು ಆಗಸ್ಟ್ ಮಧ್ಯದಲ್ಲಿ ವಾಪಸ್ ಬರಬೇಕಿತ್ತು. ಬರಲಿಲ್ಲ. ಸೇನೆಯಲ್ಲಿ 30 ದಿನ ದಾಟಿದರೆ ಕೋರ್ಟ್ ಆಫ್ ಎನ್‌ಕ್ವೈರಿ ಕೂತು ಇವನು ಗೈರುಹಾಜರು ಅಂತ ದಾಖಲೆ ಮಾಡುತ್ತದೆ. ಅದೂ ಆಯಿತು. 52ನೇ ದಿನ ತಾನಾಗಿಯೇ ಗೇಟಿಗೆ ಬಂದು ನಿಂತ. ಹಿಂದೆಯೂ ಎರಡು ಸಲ ತಡ ಮಾಡಿ ಕೆಂಪು ಶಾಯಿ ಎಂಟ್ರಿ, ಅಂದರೆ ಸೇವಾ ದಾಖಲೆಯಲ್ಲಿ ಶಿಕ್ಷೆಯ ಗುರುತು, ಹಾಕಿಸಿಕೊಂಡಿದ್ದ. ಈ ಸಲ ಸಮ್ಮರಿ ಕೋರ್ಟ್ ಮಾರ್ಷಲ್. ತಪ್ಪೊಪ್ಪಿಕೊಂಡ. ವಜಾ, ಮೂರು ತಿಂಗಳು ಜೈಲು.

ಹೇಳಿಕೆ ಹಿಂದಿಯಲ್ಲಿತ್ತು. ಗುಮಾಸ್ತನ ಹಿಂದಿ. ಏನು ಹೇಳುತ್ತೀಯ ಅಂತ ಕೇಳಿದ್ದಕ್ಕೆ ಎರಡೇ ಸಾಲು: ನದಿ ಬಂದು ಮನೆ ಬಿದ್ದಿತ್ತು, ತಾಯಿ ಶಾಲೆಯಲ್ಲಿದ್ದರು. ‘ಗಲ್ತಿ ಹೋ ಗಯೀ, ಸಾಬ್.’

ಆ ಸಾಲಿನ ಮೇಲೆ ನಾನು ಬಹಳ ಹೊತ್ತು ಕೂತೆ. ಹಿಂದಿ ಅಕ್ಷರದ ಹಿಂದೆ ನನಗೆ ಕೇಳಿಸಿದ್ದು ಕನ್ನಡ. ‘ತಪ್ಪಾತ್ರಿ ಸಾಹೇಬ್ರ.’ ನಮ್ಮಲ್ಲಿ ಯಾವಾಗ ಹೇಳಲ್ಲ ಈ ಮಾತನ್ನ? ಕಾಲು ತಗುಲಿದರೆ ತಪ್ಪಾಯ್ತು. ದೊಡ್ಡವರು ರೇಗಿದರೆ, ತಪ್ಪು ಯಾರದಾದರೂ ಸರಿ, ತಪ್ಪಾಯ್ತು. ಬ್ಯಾಂಕಿನ ಕೌಂಟರಿನಲ್ಲಿ ಅವರೇ ತಪ್ಪು ಫಾರಂ ಕೊಟ್ಟಿದ್ದರೂ ನಮ್ಮಪ್ಪ ತಪ್ಪಾಯ್ತು ಸಾರ್ ಅನ್ನುತ್ತಿದ್ದರು. ಅದು ತಪ್ಪೊಪ್ಪಿಗೆ ಅಲ್ಲ, ಮರ್ಯಾದೆ. ತಲೆ ತಗ್ಗಿಸಿ ಜಗಳ ತಪ್ಪಿಸಿಕೊಳ್ಳುವ ದಾರಿ.

ಕಾನೂನಿಗೆ ಮರ್ಯಾದೆ ಗೊತ್ತಾಗಲ್ಲ. ಅದಕ್ಕೆ ತಪ್ಪಾಯ್ತು ಅಂದರೆ ‘ಗಿಲ್ಟಿ’.

ಸೇನಾ ಕಾಯ್ದೆಯ 39ನೇ ಸೆಕ್ಷನ್ ತೆಗೆದು ನೋಡಿ. ರಜೆ ಮೀರಿ ಉಳಿದರೆ ಅಪರಾಧ ಅಂತ ಅಲ್ಲಿ ಬರೆದಿಲ್ಲ. ‘ಸಾಕಷ್ಟು ಕಾರಣವಿಲ್ಲದೆ’ ರಜೆ ಮೀರಿ ಉಳಿದರೆ ಅಪರಾಧ. ಕಾರಣ ಸಾಕಷ್ಟಿದ್ದರೆ 52 ದಿನ ಆದರೂ ಅಪರಾಧವೇ ಅಲ್ಲ. ಅವನು ಒಂದೇ ಉಸಿರಿನಲ್ಲಿ ಕಾರಣವನ್ನೂ ಹೇಳಿದ್ದ, ತಪ್ಪಾಯ್ತು ಅಂತಲೂ ಹೇಳಿದ್ದ. ಹೀಗಾದಾಗ ಏನು ಮಾಡಬೇಕು ಅಂತ ನಿಯಮ 115 ಹೇಳುತ್ತದೆ. ಆರೋಪದ ಅರ್ಥ, ಒಪ್ಪಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಕೋರ್ಟು ಆರೋಪಿಗೆ ಬಿಡಿಸಿ ಹೇಳಬೇಕು. ಸಾಕ್ಷ್ಯ ನೋಡಿದಾಗ ಅವನು ಒಪ್ಪಿಕೊಳ್ಳಬಾರದಿತ್ತು ಅನ್ನಿಸಿದರೆ ‘ಒಪ್ಪಿಗೆ ವಾಪಸ್ ತಗೋ’ ಅಂತ ಸಲಹೆಯನ್ನೂ ಕೊಡಬೇಕು. ಫೈಲಿನಲ್ಲಿ ಅದರ ಬಗ್ಗೆ ಇದ್ದದ್ದು ಒಂದು ಅಚ್ಚಾದ ವಾಕ್ಯ, ಎಲ್ಲ ಫೈಲುಗಳಲ್ಲೂ ಇರುವಂಥದ್ದು. ಬಿಡಿಸಿ ಹೇಳಿದರೋ, ಹೇಳಿದ್ದು ಅವನಿಗೆ ಅರ್ಥವಾಯಿತೋ, ದೇವರಿಗೇ ಗೊತ್ತು.

ಆ ರಾತ್ರಿಯೇ ಆರು ಪುಟದ ಟಿಪ್ಪಣಿ ಬರೆದೆ. ಇಡೀ ವಿಚಾರಣೆಯನ್ನು ರದ್ದು ಮಾಡಬೇಕು ಅಂತ. ಆ ವರ್ಷದ ಆಗಸ್ಟಿನ ಪ್ರವಾಹ ನಿಮಗೂ ನೆನಪಿರಬೇಕು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿ ಬೆಳಗಾವಿ, ಬಾಗಲಕೋಟೆ, ಗದಗ ಕಡೆಯ ಹಳ್ಳಿಗಳು ನೀರಲ್ಲಿ ನಿಂತಿದ್ದವು. ಶಾಲೆಯಲ್ಲಿ ತಾಯಿ ಅಂದರೆ ಗಂಜಿ ಕೇಂದ್ರ. ಇದನ್ನೆಲ್ಲ ಬರೆದೆ. ನೀರು ಇಳಿದ ಮೇಲೂ ಅವನು ಯಾಕೆ ಉಳಿದಿದ್ದಾನು ಅನ್ನುವುದನ್ನೂ ಬರೆದೆ. ಬಿದ್ದ ಮನೆಗಳ ಸರ್ವೆ ನಡೆಯುತ್ತಿತ್ತು. ಪೂರ್ತಿ ಬಿದ್ದ ‘ಎ’ ವರ್ಗದ ಮನೆಗೆ 5 ಲಕ್ಷ, ‘ಸಿ’ ಅಂತ ಬರೆದರೆ 50 ಸಾವಿರ. ಸರ್ವೆಗೆ ಬಂದಾಗ ಮನೆಯ ಗಂಡಸು ಎದುರಿಗೆ ನಿಂತು ಗೋಡೆ ತೋರಿಸದಿದ್ದರೆ ಎ ಹೋಗಿ ಸಿ ಆಗುವುದಕ್ಕೆ ಎಷ್ಟು ಹೊತ್ತು ಬೇಕು? ತಂದೆ ಇಲ್ಲದ ಮನೆ. ಒಬ್ಬನೇ ಮಗ.

ಬೆಳಿಗ್ಗೆ ಟಿಪ್ಪಣಿ ನೋಡಿದ ಶಿಸ್ತು ವಿಭಾಗದ ಕರ್ನಲ್ ಒಬ್ಬರು ಒಂದೇ ಪ್ರಶ್ನೆ ಕೇಳಿದರು. ಸಿಟ್ಟಿನಿಂದಲ್ಲ, ಚಹಾ ಕುಡಿಯುತ್ತಲೇ. "ಮೇಡಂ, ನೀವೂ ಕರ್ನಾಟಕದವರೇ ಅಲ್ವಾ?"

ಮೈಯೆಲ್ಲ ಉರಿದುಹೋಯಿತು. ನಾನು ಹಾಸನದವಳು, ಅವನು ಮಲಪ್ರಭಾ ದಂಡೆಯವನು. ನಮ್ಮಿಬ್ಬರ ಕನ್ನಡವೇ ಬೇರೆ. ನೆಂಟಸ್ತಿಕೆ ಇಲ್ಲ, ಪರಿಚಯ ಇಲ್ಲ. ನನ್ನ ಮನಸ್ಸಿನಲ್ಲಿ ಪಕ್ಷಪಾತ ಇಲ್ಲ ಅಂತ ಆಣೆ ಮಾಡಿ ಹೇಳಬಲ್ಲೆ ಅನ್ನಿಸಿತು. ಹಾಗೆ ಅನ್ನಿಸಿದ ಕೂಡಲೇ ರಂಜಿತ್ ಠಾಕೂರ್ ಕೇಸು ನೆನಪಾಯಿತು. ಸೇನೆಯ ವಕೀಲರು ಯಾರೂ ಮರೆಯದ ಕೇಸು ಅದು.

ರಂಜಿತ್ ಠಾಕೂರ್ ಸೇನೆಯ ಸಂಪರ್ಕ ದಳದ ಸಿಪಾಯಿ, ಸಿಗ್ನಲ್‌ಮನ್ ಆಗಿದ್ದವನು. ತನಗೆ ಅನ್ಯಾಯವಾಗಿದೆ ಅಂತ ಸಿಓ ಅವರನ್ನು ದಾಟಿ ಮೇಲಕ್ಕೆ ದೂರು ಕಳಿಸಿದ. ಅದಕ್ಕೆ ಸಿಓ 28 ದಿನ ಸೆರೆ ಕೊಟ್ಟರು. ಆ ಸೆರೆಯಲ್ಲಿದ್ದಾಗ, 1985ರ ಮೇ ತಿಂಗಳಲ್ಲಿ, ಒಬ್ಬ ಸುಬೇದಾರರು ಊಟ ಮಾಡು ಅಂತ ಆದೇಶಿಸಿದರು. ಅವನು ಉಣ್ಣಲಿಲ್ಲ. ಇದು ಆದೇಶ ಉಲ್ಲಂಘನೆ ಅಂತ ಸಮ್ಮರಿ ಕೋರ್ಟ್ ಮಾರ್ಷಲ್. ಅವನು ಯಾರ ಮೇಲೆ ದೂರು ಕೊಟ್ಟಿದ್ದನೋ ಅವರೇ ಆ ಕೋರ್ಟಿನಲ್ಲಿ ಕೂತಿದ್ದರು. ಉಣ್ಣದೆ ಇದ್ದದ್ದಕ್ಕೆ ಶಿಕ್ಷೆ ವಜಾ ಮತ್ತು ಒಂದು ವರ್ಷ ಜೈಲು. 1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ತಳ್ಳಿಹಾಕಿತು. ತೀರ್ಪು ಬರೆದವರು ನಮ್ಮ ಎಂ.ಎನ್. ವೆಂಕಟಾಚಲಯ್ಯನವರು, ಆಮೇಲೆ ಮುಖ್ಯ ನ್ಯಾಯಮೂರ್ತಿಯಾದವರು. ಈ ಅಧಿಕಾರಿ ನಿನ್ನ ವಿಚಾರಣೆ ಮಾಡಲು ನಿನ್ನ ಅಭ್ಯಂತರ ಇದೆಯಾ ಅಂತ ಅವನನ್ನು ಕೇಳಿಯೇ ಇಲ್ಲವಲ್ಲ ಅಂದರು. ಶಿಕ್ಷೆ ಮನಸ್ಸಿಗೆ ಆಘಾತವಾಗುವಷ್ಟು ಅತಿಯಾಯಿತು ಅಂದರು. ನ್ಯಾಯಾಧೀಶರಿಗೆ ಒಂದು ಕಿವಿಮಾತೂ ಅದರಲ್ಲಿದೆ. ನನಗೆ ಪಕ್ಷಪಾತ ಇದೆಯಾ ಅಂತ ನಿನ್ನ ಮನಸ್ಸನ್ನು ನೀನು ಕೇಳಿಕೊಳ್ಳಬೇಡ, ಎದುರಿಗೆ ನಿಂತವನ ಮನಸ್ಸಿಗೆ ಹೇಗೆ ಕಾಣುತ್ತದೆ ಅಂತ ನೋಡು.

ಕಾಂಪ್ಟಿಯಲ್ಲಿ ಇದನ್ನು ಓದಿದಾಗ ನಾನು ಪೂರ್ತಿ ಠಾಕೂರ್ ಪಕ್ಷ. ಸಿಓಗಳಿಗೆ ಹೇಳಿದ ಮಾತು ಅಂತಲೇ ತಿಳಿದಿದ್ದೆ. ಅದು ನನ್ನ ಮೇಜಿಗೂ ಬರಬಹುದು ಅಂತ ಹೊಳೆದೇ ಇರಲಿಲ್ಲ. ನಾನು ನ್ಯಾಯಾಧೀಶೆ ಅಲ್ಲ, ಸುಮ್ನೆ ಸಲಹೆಗಾರ್ತಿ, ನನಗದು ಅನ್ವಯಿಸಲ್ಲ ಅಂತ ವಾದ ಹೂಡಬಹುದಿತ್ತು. ಆದರೆ ಆ ಕರ್ನಲ್ ಎದುರಿಗೆ ಕೂತಿದ್ದರು, ಅವರ ಮನಸ್ಸಿಗೆ ಹಾಗೆ ಕಂಡಿತ್ತು. ಆರು ಪುಟದಲ್ಲಿ ಎರಡು ಪುಟ ಕಾನೂನು ಇತ್ತು, ನಾಲ್ಕು ಪುಟ ಮಲಪ್ರಭೆ ಇತ್ತು. ಸರ್ವೆಯ ಎ, ಸಿ ಯಾವುದೂ ಫೈಲಿನಲ್ಲಿ ಇರಲಿಲ್ಲ. ಅವನು ಅದನ್ನು ಹೇಳಿರಲೇ ಇಲ್ಲ. ಅವನ ಬಾಯಲ್ಲಿ ಇಲ್ಲದ ಮಾತನ್ನು ನಾನು ನನ್ನ ಊರಿನ ತಿಳಿವಳಿಕೆಯಿಂದ ತುಂಬಿದ್ದೆ.

ಫೈಲನ್ನು ನನ್ನ ಸೀನಿಯರ್‌ಗೆ ಒಪ್ಪಿಸಿದೆ. ಹರಿಯಾಣದವರು, ಮಾತು ಕಡಿಮೆ. ನನ್ನ ಟಿಪ್ಪಣಿಯನ್ನು ಓದುವುದಿಲ್ಲ ಅಂತ ಮೊದಲೇ ಹೇಳಿದರು. ಎರಡು ದಿನ ಇಟ್ಟುಕೊಂಡು ಒಂದೂವರೆ ಪುಟ ಬರೆದರು. ಪ್ರವಾಹದ ದಿನಗಳಿಗೆ ಕಾರಣ ಸಾಕಷ್ಟಿದೆ. ನೀರು ಇಳಿದ ಮೇಲೆ ಫೋನು ಇತ್ತು, ಬಸ್ಸು ಇತ್ತು, ರಜೆ ವಿಸ್ತರಿಸಿ ಅಂತ ಕೇಳಬಹುದಿತ್ತು, ಕೇಳಲಿಲ್ಲ. ಅಪರಾಧ ಉಳಿಯುತ್ತದೆ, ಆದರೆ ಚಿಕ್ಕದಾಗುತ್ತದೆ. ವಜಾ ಅತಿಯಾಯಿತು. 162ನೇ ಸೆಕ್ಷನ್ ಪ್ರಕಾರ ಬರೀ ತಾಂತ್ರಿಕ ಕಾರಣಕ್ಕೆ ವಿಚಾರಣೆ ರದ್ದು ಮಾಡುವಂತಿಲ್ಲ. ನಿಯಮ 115ರ ಲೋಪ ಬರೀ ತಾಂತ್ರಿಕವೋ ಅಲ್ಲವೋ ಅನ್ನುವುದು ನಮ್ಮಿಬ್ಬರ ನಡುವಿನ ಹಳೇ ಜಗಳ. ಅದಕ್ಕೆ ಕೈಹಾಕದೆ ಶಿಕ್ಷೆ ಇಳಿಸಿ ಅಂತ ಬರೆದರು. ಜನರಲ್ ಸಾಹೇಬರು ಒಪ್ಪಿದರು. ವಜಾ ಹೋಯಿತು, ಜೈಲು ಉಳಿಯಿತು. ಜೈಲಿನಿಂದ ಅವನು ಯೂನಿಟ್ಟಿಗೆ ವಾಪಸಾದ.

ನಾನು ಬರೆದದ್ದೇ ಹೋಗಿದ್ದರೆ? ಜನರಲ್ ಪೂರ್ತಿ ರದ್ದು ಮಾಡುತ್ತಿದ್ದರೋ, ಕರ್ನಲ್ ಮಾತು ಕೇಳಿ ಪೂರ್ತಿ ತಳ್ಳಿಹಾಕುತ್ತಿದ್ದರೋ. ಸೀನಿಯರ್ ಬರೆದದ್ದು ಸರಿಯಾದ ಕಾನೂನು ಅಂತ ನಾನು ಒಪ್ಪುತ್ತೇನೆ. ರಜೆ ವಿಸ್ತರಿಸಿ ಅಂತ ಫೋನು ಮಾಡಲು ಅವನಿಗೆ ಭಯವಿತ್ತು, ಹಿಂದಿನ ಎರಡು ಕೆಂಪು ಎಂಟ್ರಿಗಳ ಭಯ, ಅಂತಲೂ ಅನ್ನಿಸುತ್ತದೆ. ನೋಡಿ, ಮತ್ತೆ ಅವನ ಬಾಯಲ್ಲಿ ಇಲ್ಲದ ಮಾತು.

2024ರಲ್ಲಿ ಹೊರಗೆ ಬಂದೆ. ಪರ್ಮನೆಂಟ್ ಕಮಿಷನ್‌ಗೆ, ಅಂದರೆ ನಿವೃತ್ತಿಯವರೆಗೆ ಸೇನೆಯಲ್ಲೇ ಉಳಿಯುವುದಕ್ಕೆ, ನಾನು ಒತ್ತಾಯ ಮಾಡಲಿಲ್ಲ, ಅಮ್ಮನಿಗೆ ವಯಸ್ಸಾಗಿತ್ತು. ಮಾರನೇ ವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಜ್ಯಾಗ್ ಹುದ್ದೆಗಳ ಬಗ್ಗೆ ತೀರ್ಪು ಕೊಟ್ಟಿತು. ಗಂಡಸರಿಗೆ 6, ಹೆಂಗಸರಿಗೆ 3 ಅಂತ ಹುದ್ದೆ ಹಂಚಿದ್ದು ತಪ್ಪು, ಅಂಕದ ಒಂದೇ ಪಟ್ಟಿ ಮಾಡಿ ಅಂತ. ನನ್ನ ಬ್ಯಾಚಿನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಹಬ್ಬ.

ಸನ್ನದು ಮತ್ತೆ ಚಾಲ್ತಿಗೆ ಬಂತು. ಟ್ರಂಕಿನಲ್ಲಿದ್ದ ಕರಿ ಕೋಟು ಹಿಡಿಸಲಿಲ್ಲ, ಹೊಸದು ಹೊಲಿಸಿದೆ. ಈಗ ಹಾಸನದಲ್ಲೇ ಪ್ರಾಕ್ಟೀಸು. ಮಾಜಿ ಸೈನಿಕರ ಪಿಂಚಣಿ ಕೇಸು ಜಾಸ್ತಿ. ಮಿಕ್ಕಂತೆ ಗಡಿ ತಕರಾರು, ಚೆಕ್ ಬೌನ್ಸು. ಹೋದ ತಿಂಗಳು ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ನನ್ನ ಕಕ್ಷಿದಾರ, ಹೊಗೆಸೊಪ್ಪಿನ ಬೆಳೆಗಾರ, ಆರೋಪ ಓದಿ ಮುಗಿಸುವ ಮೊದಲೇ ಕೈಮುಗಿದು "ತಪ್ಪಾಯ್ತು ಸ್ವಾಮಿ" ಅಂದ. ನನಗೆ ಎದೆ ಧಸಕ್ಕೆಂದಿತು. ಮ್ಯಾಜಿಸ್ಟ್ರೇಟರು ತಲೆ ಎತ್ತಿ ಅವನನ್ನು ನೋಡಿ, ನನ್ನನ್ನು ನೋಡಿ, "ಮೊದಲು ನಿಮ್ಮ ವಕೀಲರ ಹತ್ರ ಮಾತಾಡ್ಕೊಂಡು ಬನ್ನಿ" ಅಂತ ಕೇಸನ್ನು ಮಧ್ಯಾಹ್ನಕ್ಕೆ ಇಟ್ಟರು.

ಈಚೆಗೆ ಬಾದಾಮಿಗೆ ಹೋಗಿದ್ದೆವು. ದಾರಿಯಲ್ಲಿ ಮಲಪ್ರಭೆ ಸಿಕ್ಕಳು. ಬೇಸಿಗೆ, ಮೊಣಕಾಲುದ್ದ ನೀರೂ ಇಲ್ಲ, ಎಮ್ಮೆ ಮಲಗಿದ್ದವು. ದಂಡೆಯ ಊರುಗಳಲ್ಲಿ ಅರ್ಧ ಗೋಡೆ ನಿಂತ ಹಳೇ ಮನೆಗಳು, ಪಕ್ಕದಲ್ಲೇ ಆರ್‌ಸಿಸಿ ಛಾವಣಿಯ ಹೊಸ ಮನೆಗಳು. ಕೆಲವು ಬಣ್ಣ ಹೊಡೆದು ಮುಗಿದಿದ್ದವು, ಕೆಲವಕ್ಕೆ ಪಾಯ ಹಾಕಿ ನಿಲ್ಲಿಸಿದ್ದರು. ಗಂಡ ಗಾಡಿ ನಿಲ್ಲಿಸಿ "ಏನು ನೋಡ್ತಿದೀಯ?" ಅಂದರು. ಅವನ ಹಳ್ಳಿಯ ಹೆಸರು ನನಗೆ ನೆನಪಿತ್ತು. ಅದಕ್ಕೆ ಇನ್ನೂ 4 ಕಿಲೋಮೀಟರ್ ಅಂತ ಬೋರ್ಡು ಇತ್ತು. ಹೋಗಲಿಲ್ಲ. ಅವನ ಮನೆಗೆ ಎ ಬಂತೋ ಸಿ ಬಂತೋ, ಅದು ಫೈಲಿನಲ್ಲಿ ಇರಲಿಲ್ಲ.